ನಗೆಹಾಡಿನ ಹುಚ್ಚು ಹತ್ತುವ ಬಗೆ

ದೊಡ್ಡ ಗಾಯಕರೊಬ್ಬರ ಅಭಿಮಾನಿಯನ್ನು ಹಿಡಿದು ‘ಇವರ ಹಾಡು ನಿಮಗೆ ಯಾವಾಗಿನಿಂದ ಹಿಡಿಸಿತು?’ ಎಂದು ಕೇಳಿ ನೋಡಿ. ‘ಚಿಕ್ಕಂದಿನಿಂದ ಮನೆಯಲ್ಲಿ ಹಾಕ್ತಾ ಇದ್ರು, ಕೇಳ್ತಾ ಕೇಳ್ತಾ ಹಿಡಿಸಿಬಿಡ್ತು’ ಅನ್ನುತ್ತಾರೆ. ನಗೆಹಾಡುಗಾರನ ಅಭಿಮಾನಿ ಹಾಗಲ್ಲ. ಯಾರ ಮನೆ, ಯಾವ ಕೋಣೆ, ಕ್ಯಾಸೆಟ್ಟು ತಂದವನು ಯಾರು, ಯಾವ ಸಾಲು ಬಂದಾಗ ನಗು ತಡೆಯಲಾಗಲಿಲ್ಲ, ಎಲ್ಲವನ್ನೂ ನಿನ್ನೆ ನಡೆದಂತೆ ಹೇಳುತ್ತಾನೆ. ನಗು ಹೇಳಿಕೇಳಿ ಬರುವುದಿಲ್ಲವಲ್ಲ, ಅದಕ್ಕೇ ಅದು ಬಂದ ಗಳಿಗೆ ನೆನಪಿನಲ್ಲಿ ಉಳಿಯುತ್ತದೆ. ಆದರೆ ಒಂದು ತಮಾಷೆಗೆ ಎಷ್ಟು ಸಲ ನಗಬಹುದು? ಎರಡು ಸಲ, ಹೆಚ್ಚೆಂದರೆ ಮೂರು. ನಗೆಹಾಡು ಕಟ್ಟಿದವನಿಗೆ ನಲವತ್ತು ವರ್ಷ ಕಾಲ ಕೈಬಿಡದ ಅಭಿಮಾನಿಗಳಿದ್ದಾರೆ ಅಂದರೆ ಅಲ್ಲಿ ತಮಾಷೆಯನ್ನು ಮೀರಿದ್ದು ಏನೋ ಇರಬೇಕು. ಈ ವಿಚಾರ ಮಾತಾಡಲು ಅಮೆರಿಕದ ಒಬ್ಬ ಹಾಡುಗಾರನನ್ನು ಆರಿಸಿಕೊಂಡಿದ್ದೇನೆ.

ಅವನ ಹೆಸರು ಆಲ್‌ಫ್ರೆಡ್ ಯಾಂಕೋವಿಕ್. ಲೋಕಕ್ಕೆಲ್ಲ ಅವನು ‘ವಿಯರ್ಡ್ ಆಲ್’, ಅಂದರೆ ತಿಕ್ಕಲು ಆಲ್. ಹುಟ್ಟಿದ್ದು 1959ರ ಅಕ್ಟೋಬರ್ 23ರಂದು, ಕ್ಯಾಲಿಫೋರ್ನಿಯಾದಲ್ಲಿ. ಬೆಳೆದದ್ದು ಲಾಸ್ ಏಂಜಲಿಸ್ ಪಕ್ಕದ ಲಿನ್‌ವುಡ್ ಎಂಬಲ್ಲಿ, ನಿಕ್ ಮತ್ತು ಮೇರಿ ದಂಪತಿಯ ಒಬ್ಬನೇ ಮಗನಾಗಿ. ಊರೆಲ್ಲ ಗುನುಗುತ್ತಿರುವ ಜನಪ್ರಿಯ ಹಾಡಿನ ಧಾಟಿಯನ್ನು ಹಾಗೆಯೇ ಇಟ್ಟುಕೊಂಡು, ಮಾತು ಮಾತ್ರ ಬದಲಿಸಿ ಅಣಕುಹಾಡು ಕಟ್ಟುವುದು ಇವನ ಕಸುಬು. ಪ್ರೇಮ, ವಿರಹ, ವೀರಾವೇಶ ಇದ್ದಲ್ಲಿ ತಿಂಡಿ, ಟಿವಿ, ಬಸ್ಸು, ಬೊಜ್ಜು ಬಂದು ಕೂರುತ್ತವೆ.

ಈತನಿಗೆ ಅಭಿಮಾನಿಗಳು ಹೇಗೆ ಹುಟ್ಟಿಕೊಂಡರು ಎಂದು ಹೇಳಬೇಕಾದರೆ ಮೊದಲು ಈತನೇ ಯಾರ ಅಭಿಮಾನಿಯಾಗಿದ್ದ ಎಂದು ಹೇಳಬೇಕು. ಆ ಕಥೆ ರೇಡಿಯೋದ್ದು. ಬಾನುಲಿಯಲ್ಲಿ ಕೂತು ಅದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಆಗುತ್ತದೆ, ಮುಚ್ಚಿಡುವುದೇಕೆ?

1970ರಲ್ಲಿ ಲಾಸ್ ಏಂಜಲಿಸ್ ಹತ್ತಿರದ ಪ್ಯಾಸಡೀನ ಊರಿನ ಕೆಪಿಪಿಸಿ ಎಂಬ ಎಫ್‌ಎಂ ಕೇಂದ್ರದಲ್ಲಿ ಬ್ಯಾರೆಟ್ ಹ್ಯಾನ್ಸೆನ್ ಎಂಬಾತ ಹಳೆಯ ಹಾಡುಗಳ ಕಾರ್ಯಕ್ರಮ ಶುರುಮಾಡಿದ. ಜನಪದ ಸಂಗೀತದಲ್ಲಿ ವಿಶ್ವವಿದ್ಯಾಲಯದ ಪದವಿ ಪಡೆದವನು, ಮನೆ ತುಂಬ ರಿಕಾರ್ಡು ತುಂಬಿಕೊಂಡವನು. ಅವನು ಹಾಕಲು ಹೊರಟಿದ್ದು ಹಳೆಯ ರಾಕ್ ಅಂಡ್ ರೋಲ್ ಹಾಡುಗಳನ್ನು. ನಡುನಡುವೆ ರುಚಿಗೆಂದು ಒಂದೆರಡು ವಿಚಿತ್ರ ಹಾಡು ಸೇರಿಸುತ್ತಿದ್ದ. ಕೇಳುಗರು ಫೋನು ಮಾಡಿ ಮತ್ತೆ ಮತ್ತೆ ಕೇಳಿದ್ದು ಅವನ್ನೇ. ಅಪಘಾತದಲ್ಲಿ ರಕ್ತ ಕೊಡಿಸಿಕೊಳ್ಳುವವನ ಬಗೆಗಿನ ಒಂದು ಹಾಡನ್ನು ಹಾಕಿದಾಗ ಕೇಂದ್ರದ ಸಹೋದ್ಯೋಗಿಯೊಬ್ಬ, ಇಂಥದ್ದನ್ನು ಹಾಕಬೇಕಾದರೆ ತಲೆ ಕೆಟ್ಟಿರಬೇಕು ಎಂದನಂತೆ. ಅಲ್ಲಿಗೆ ಹ್ಯಾನ್ಸೆನ್ ‘ಡಾಕ್ಟರ್ ಡಿಮೆಂಟೊ’ ಆದ, ಬುದ್ಧಿಭ್ರಮಣೆಯ ವೈದ್ಯ! 1972ರಿಂದ ಲಾಸ್ ಏಂಜಲಿಸ್‌ನ ಕೆಎಂಇಟಿ ಕೇಂದ್ರದಲ್ಲಿ ಭಾನುವಾರ ಸಂಜೆ ನಾಲ್ಕು ಗಂಟೆಯಷ್ಟು ಹೊತ್ತು ಇವನದೇ ರಾಜ್ಯಭಾರ. 1974ರಿಂದ ಕಾರ್ಯಕ್ರಮ ದೇಶದ ಬೇರೆ ಬೇರೆ ಊರುಗಳ ಕೇಂದ್ರಗಳಿಗೂ ಹೋಯಿತು.

ಅಲ್ಲಿ ಏನೇನು ಬರುತ್ತಿತ್ತು? ಎರಡನೇ ಮಹಾಯುದ್ಧದ ಕಾಲದಲ್ಲಿ ತಟ್ಟೆ ಲೋಟ, ಕಾರಿನ ಹಾರನ್ನು, ತುಪಾಕಿ ಸದ್ದುಗಳನ್ನು ಸೇರಿಸಿ ವಾದ್ಯಗೋಷ್ಠಿ ನಡೆಸಿದ ಸ್ಪೈಕ್ ಜೋನ್ಸ್. ಗಣಿತದ ಮೇಷ್ಟರಾಗಿದ್ದುಕೊಂಡೇ ಪಿಯಾನೋ ಮುಂದೆ ಕೂತು ರಾಜಕೀಯವನ್ನು ಚುಚ್ಚುತ್ತಿದ್ದ ಟಾಮ್ ಲೆಹ್ರರ್. ಬೇಸಿಗೆ ಶಿಬಿರಕ್ಕೆ ಹೋದ ಹುಡುಗ ಅಪ್ಪ ಅಮ್ಮನಿಗೆ ಬರೆದ ಕಾಗದವನ್ನೇ ಹಾಡು ಮಾಡಿದ ಆಲನ್ ಶರ್ಮನ್. ಜಾಹೀರಾತುಗಳನ್ನು ಗೇಲಿ ಮಾಡಿದ ಸ್ಟ್ಯಾನ್ ಫ್ರೀಬರ್ಗ್. ಬರೀ ಮೀನಿನ ತಲೆಗಳ ಮೇಲೆ ಕಟ್ಟಿದ ಒಂದು ಹಾಡು 1978ರಲ್ಲಿ ಬಂದು, ಆ ಕಾರ್ಯಕ್ರಮಕ್ಕೆ ಅತಿ ಹೆಚ್ಚು ಕೋರಿಕೆ ತಂದ ಹಾಡೆನಿಸಿತು. ಇವು ಬೇರೆ ಕೇಂದ್ರಗಳಲ್ಲಿ ಅಪರೂಪ, ಅಂಗಡಿಯಲ್ಲಿ ಕೇಳಿದರೂ ಸಿಗುವುದು ಕಷ್ಟ. ವಾರಕ್ಕೊಮ್ಮೆ ಈ ಒಬ್ಬ ಮನುಷ್ಯನ ಪೆಟ್ಟಿಗೆಯಿಂದ ಹೊರಬರಬೇಕು.

ಲಿನ್‌ವುಡ್‌ನ ಹುಡುಗ ಆಲ್ ಈ ಕಾರ್ಯಕ್ರಮದ ಖಾಯಂ ಗಿರಾಕಿ. ಶಾಲೆಗೆ ಬೇಗ ಸೇರಿ, ಒಂದು ತರಗತಿ ಹಾರಿ, ತನಗಿಂತ ದೊಡ್ಡ ಹುಡುಗರ ನಡುವೆ ಕೂರುತ್ತಿದ್ದ ಜಾಣ, ಕನ್ನಡಕದವ. ಗೆಳೆಯರು ಕಡಿಮೆ. ಕೈಯಲ್ಲಿದ್ದ ವಾದ್ಯವೋ, ಆಗಿನ ಹುಡುಗರು ನೋಡಿ ನಗುವಂಥದ್ದು. ಅದು ಬಂದದ್ದೂ ಒಂದು ಕಥೆ. 1966ರಲ್ಲಿ ಸಂಗೀತ ಶಾಲೆಯ ಮಾರಾಟಗಾರನೊಬ್ಬ ಮನೆಬಾಗಿಲಿಗೆ ಬಂದು, ‘ನಿಮ್ಮ ಮಗನಿಗೆ ಗಿಟಾರ್ ಕಲಿಸೋಣವೋ ಅಕಾರ್ಡಿಯನ್ ಕಲಿಸೋಣವೋ’ ಎಂದು ಕೇಳಿದ. ಫ್ರಾಂಕಿ ಯಾಂಕೋವಿಕ್ ಎಂಬ ಹೆಸರಾಂತ ಅಕಾರ್ಡಿಯನ್ ವಾದಕ ಆಗ ಪೋಲ್ಕಾ ಕುಣಿತದ ಸಂಗೀತಕ್ಕೆ ದೊರೆಯೆನಿಸಿದ್ದ. ಇವರಿಗೆ ನೆಂಟನೇನಲ್ಲ, ಅಡ್ಡಹೆಸರು ಒಂದೇ ಅಷ್ಟೆ. ಲೋಕದಲ್ಲಿ ಅಕಾರ್ಡಿಯನ್ ನುಡಿಸುವ ಯಾಂಕೋವಿಕ್ ಇನ್ನೊಬ್ಬ ಇರಲಿ ಎಂದು ಅಪ್ಪ ಅಮ್ಮ ಅದನ್ನೇ ಆರಿಸಿದರು. ಏಳು ತುಂಬುವ ಹಿಂದಿನ ದಿನ ಮೊದಲ ಪಾಠ. ನಮ್ಮ ಹಾರ್ಮೋನಿಯಂ ಅನ್ನು ಎದೆಗೆ ಕಟ್ಟಿಕೊಂಡು ತಿದಿ ಒತ್ತಿದ ಹಾಗಿರುವ ಆ ವಾದ್ಯದಲ್ಲಿ ರಾಕ್ ಹಾಡು ನುಡಿಸಿದರೆ ಹಾಡು ತಾನಾಗಿಯೇ ಅರ್ಧ ಅಣಕುಹಾಡಾಗಿಬಿಡುತ್ತದೆ. ಆ ಮಾರಾಟಗಾರನಿಗೆ ತಾನೆಂಥ ಕೆಲಸ ಮಾಡಿಹೋದೆನೆಂದು ಗೊತ್ತಿರಲಾರದು.

ಡಾಕ್ಟರ್ ಡಿಮೆಂಟೊ ಒಮ್ಮೆ ಇವನ ಶಾಲೆಗೆ ಭಾಷಣಕ್ಕೆ ಬಂದ. ಹುಡುಗ ಮನೆಯಲ್ಲಿ ರಿಕಾರ್ಡ್ ಮಾಡಿದ್ದ ಕ್ಯಾಸೆಟ್ಟನ್ನು ಅವನ ಕೈಗಿಟ್ಟ. ಅದರಲ್ಲಿದ್ದ ಒಂದು ಹಾಡು ಮನೆಯ ಕಾರಿನ ಮೇಲೆ. ಪ್ಲಿಮತ್ ಬೆಲ್ವಡೀರ್, ಮಧ್ಯಮ ವರ್ಗದ ಸಾದಾಸೀದಾ ಗಾಡಿ. ಮಲಗುವ ಕೋಣೆಯಲ್ಲಿ ಅಗ್ಗದ ರಿಕಾರ್ಡರ್ ಇಟ್ಟುಕೊಂಡು, ಒಂದು ಅಕಾರ್ಡಿಯನ್ ಒಂದು ಕೀಚಲು ಗಂಟಲು ಸೇರಿಸಿ ಮಾಡಿದ್ದು. 1976ರಲ್ಲಿ ಡಿಮೆಂಟೊ ಅದನ್ನು ರೇಡಿಯೋದಲ್ಲಿ ಹಾಕಿದ. ಹುಡುಗನಿಗೆ ಆಗ ಹದಿನಾರು.

ಈತನ ಮೊದಲ ಅಭಿಮಾನಿಗಳು ಹುಟ್ಟಿದ್ದು ಅಲ್ಲಿ. ಮುಖ ಕಾಣದು, ವಯಸ್ಸು ಗೊತ್ತಿಲ್ಲ, ಹಾಡುವವನು ಯಾವ ಕಂಪನಿಯವನೂ ಅಲ್ಲ, ತಮ್ಮ ಹಾಗೆಯೇ ರೇಡಿಯೋ ಕೇಳುವ ಒಬ್ಬ ಹುಡುಗ. ‘ಇವನು ಮಾಡಬಹುದಾದರೆ ನಾನೂ ಮಾಡಬಹುದು’ ಎಂದು ಕೇಳುಗನಿಗೆ ಅನ್ನಿಸಿದ್ದು ಆಗ. ಡಿಮೆಂಟೊ ಕಾರ್ಯಕ್ರಮದ ಕೊನೆಯಲ್ಲಿ ಆ ವಾರ ಹೆಚ್ಚು ಕೋರಿಕೆ ಬಂದ ಹಾಡುಗಳನ್ನು ಹಾಕುವ ಪದ್ಧತಿ ಇತ್ತು. ಕೋರಿಕೆಯ ಚಿತ್ರಗೀತೆಗಳಿಗೆಂದು ಅಂಚೆ ಕಾರ್ಡು ಬರೆದು, ಹೆಸರು ಓದುತ್ತಾರೋ ಇಲ್ಲವೋ ಎಂದು ಕಿವಿ ನೆಟ್ಟು ಕೂತ ನಮ್ಮ ಕೇಳುಗರಿಗೆ ಆ ಖುಷಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋರಿಕೆ ಕಳಿಸಿದವನಿಗೆ ಆ ಹಾಡಿನಲ್ಲಿ ತನ್ನದೂ ಒಂದು ಪಾಲು ಇದೆ ಅನ್ನಿಸುತ್ತದೆ. ಅಭಿಮಾನ ಶುರುವಾಗುವುದು ಆ ಪಾಲಿನಿಂದ. ಜೊತೆಗೆ ಭಾನುವಾರ ರಾತ್ರಿ, ಬೆಳಗಾದರೆ ಶಾಲೆ. ಕೇಳಿದ ಹಾಡನ್ನು ಸೋಮವಾರ ತರಗತಿಯಲ್ಲಿ ಹಾಡಿ ತೋರಿಸದಿದ್ದರೆ ಕೇಳಿದ್ದು ಯಾವ ಪುರುಷಾರ್ಥಕ್ಕೆ?

ಆಲ್ ಮುಂದೆ ಸ್ಯಾನ್ ಲೂಯಿಸ್ ಒಬಿಸ್ಪೊ ಊರಿನ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಲು ಹೋದ. ಕಾಲೇಜಿನ ರೇಡಿಯೋದಲ್ಲಿ ಪಾಳಿ ಹಿಡಿದ. 1979ರಲ್ಲಿ ‘ದ ನ್ಯಾಕ್’ ತಂಡದ ‘ಮೈ ಶರೋನಾ’ ಅಮೆರಿಕವನ್ನೆಲ್ಲ ಕುಣಿಸುತ್ತಿತ್ತು. ಇವನು ಅದಕ್ಕೆ ‘ಮೈ ಬಲೋನಿ’ ಎಂದು ಅಣಕು ಕಟ್ಟಿದ. ಬಲೋನಿ ಅಂದರೆ ಬ್ರೆಡ್ಡಿನ ನಡುವೆ ಇಟ್ಟು ತಿನ್ನುವ ಒಂದು ಬಗೆಯ ಮಾಂಸದ ಬಿಲ್ಲೆ. ಹುಡುಗಿಯ ಜಾಗದಲ್ಲಿ ಬಿಲ್ಲೆ. ರಿಕಾರ್ಡ್ ಮಾಡಿದ್ದು ಎಲ್ಲಿ ಅನ್ನುತ್ತೀರಿ? ಕಾಲೇಜು ರೇಡಿಯೋ ಕೇಂದ್ರದ ಎದುರಿನ ಬಚ್ಚಲುಮನೆಯಲ್ಲಿ. ಗೋಡೆಗೆಲ್ಲ ಟೈಲ್ಸು ಹಾಕಿದ್ದರಿಂದ ಅಲ್ಲಿ ದನಿ ಚೆನ್ನಾಗಿ ಮೊಳಗುತ್ತಿತ್ತು. ನಾವೆಲ್ಲರೂ ಸ್ನಾನದ ಮನೆಯಲ್ಲಿ ಕಂಡುಕೊಂಡಿರುವ ಸತ್ಯವನ್ನು ಅವನು ಟೇಪಿಗೆ ಇಳಿಸಿದ. ಡಿಮೆಂಟೊ ಹಾಕಿದ, ಜನ ಮತ್ತೆ ಮತ್ತೆ ಕೇಳಿದರು. ನ್ಯಾಕ್ ತಂಡ ಅದೇ ಕಾಲೇಜಿಗೆ ಕಛೇರಿಗೆ ಬಂದಾಗ ಆಲ್ ಹೋಗಿ ಪರಿಚಯ ಹೇಳಿಕೊಂಡ. ತಂಡದ ಗಾಯಕ ಡಗ್ ಫೀಗರ್ ಸಿಟ್ಟಾಗುವ ಬದಲು ತಮ್ಮ ರಿಕಾರ್ಡ್ ಕಂಪನಿಯವರಿಗೇ ಇದನ್ನು ಶಿಫಾರಸು ಮಾಡಿದ. ಆ ವರ್ಷದ ಡಿಸೆಂಬರ್ ಹೊತ್ತಿಗೆ ಬಚ್ಚಲುಮನೆಯ ಹಾಡು ಕ್ಯಾಪಿಟಲ್ ಕಂಪನಿಯ ರಿಕಾರ್ಡಾಗಿ ಹೊರಬಂತು.

ಇನ್ನೊಂದು ಹಾಡಿನ ಬಳಿ ಸ್ವಲ್ಪ ನಿಲ್ಲಬೇಕು. 1980ರ ಸೆಪ್ಟೆಂಬರ್ 14, ಭಾನುವಾರ. ಡಿಮೆಂಟೊ ಸ್ಟುಡಿಯೋಗೆ ಆಲ್ ಅಕಾರ್ಡಿಯನ್ ಹೊತ್ತು ಬಂದಿದ್ದಾನೆ. ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಆಗಿನ ದೊಡ್ಡ ಹಾಡು, ಎದೆಗೆ ಗುದ್ದಿದಂತೆ ಬರುವ ಬಾಸ್ ಗಿಟಾರಿನ ಹಾಡು. ಅದನ್ನು ಇವನು ‘ಅನದರ್ ಒನ್ ರೈಡ್ಸ್ ದ ಬಸ್’ ಮಾಡಿಕೊಂಡಿದ್ದಾನೆ. ತುಂಬಿದ ಬಸ್ಸು, ಮತ್ತೂ ಹತ್ತುವ ಜನ, ಪಕ್ಕೆಗೆ ಚುಚ್ಚುವ ಸಾಮಾನು, ಇಳಿಯಲಾಗದ ಪರದಾಟ. ಸಂಜೆಯ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದವರಿಗೆ ಅನುವಾದವೇ ಬೇಡ. ಡ್ರಮ್ಮಿಲ್ಲ. ಆವತ್ತು ಪರಿಚಯವಾಗಿದ್ದ ಜಾನ್ ಶ್ವಾರ್ಟ್ಜ್ ಎಂಬ ಹುಡುಗ ಅಕಾರ್ಡಿಯನ್ ಪೆಟ್ಟಿಗೆಯ ಮೇಲೆಯೇ ಕೈಬಡಿದು ತಾಳ ಹಾಕಿದ. ಸ್ಟುಡಿಯೋದಲ್ಲಿ ಇದ್ದವರು ಹಾರನ್ನು ಒತ್ತಿದರು, ಕೂಗಿದರು, ಬಾಯಲ್ಲಿ ಬಗೆಬಗೆಯ ಸದ್ದು ಮಾಡಿದರು. ತಿದ್ದುಪಡಿ ಇಲ್ಲ, ಎರಡನೇ ಸಲ ಇಲ್ಲ, ನೇರ ಪ್ರಸಾರ. ಅದೇ ಟೇಪು ಆಮೇಲೆ ರಿಕಾರ್ಡಾಯಿತು. 1981ರ ಏಪ್ರಿಲ್‌ನಲ್ಲಿ ಟಾಮ್ ಸ್ನೈಡರನ ರಾತ್ರಿಯ ಟಿವಿ ಕಾರ್ಯಕ್ರಮದಲ್ಲಿ ಇಬ್ಬರೂ ಅದನ್ನು ದೇಶದ ಮುಂದೆ ಹಾಡಿದರು. ಪೆಟ್ಟಿಗೆ ಬಡಿದ ಶ್ವಾರ್ಟ್ಜ್ ಇವತ್ತಿಗೂ ಆಲ್‌ನ ಡ್ರಮ್ಮರ್. ಗಿಟಾರಿನ ಜಿಮ್ ವೆಸ್ಟ್, ಬಾಸ್‌ನ ಸ್ಟೀವ್ ಜೇ ಕೂಡ ಆ ದಶಕದ ಮೊದಲಿನಿಂದ ಇರುವವರೇ. ರಾಕ್ ಲೋಕದಲ್ಲಿ ವಾದ್ಯತಂಡಗಳು ಒಡೆಯುವ ವೇಗ ಗೊತ್ತಿದ್ದವರಿಗೆ ಇದು ಸಣ್ಣ ಸಂಗತಿಯಲ್ಲ.

ಎಲ್ಲರೂ ನಕ್ಕರು ಎಂದು ತಿಳಿಯಬೇಡಿ. 1982ರಲ್ಲಿ ಸಾಂತಾ ಮೋನಿಕಾದಲ್ಲಿ ‘ಮಿಸ್ಸಿಂಗ್ ಪರ್ಸನ್ಸ್’ ಎಂಬ ತಂಡದ ಕಛೇರಿಗೆ ಮುನ್ನ ಇವನ ತಂಡ ವೇದಿಕೆ ಹತ್ತಿತು. ಹೊಸ ಅಲೆಯ ಸಂಗೀತಕ್ಕೆಂದು ಬಂದಿದ್ದ ಜನಕ್ಕೆ ಅಕಾರ್ಡಿಯನ್ನು ಕಂಡದ್ದೇ ತಡ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ನಗೆಹಾಡು ಕೇಳಲು ಮನಸ್ಸು ಬಿಡುವಾಗಿರಬೇಕು. ದುಡ್ಡು ಕೊಟ್ಟು ಗಂಭೀರವಾಗಿರಲು ಬಂದವನನ್ನು ನಗಿಸುವುದು ಬಲು ಕಷ್ಟ.

1981ರ ಆಗಸ್ಟ್‌ನಲ್ಲಿ ಹಾಡುಗಳ ವಿಡಿಯೋ ತೋರಿಸುವ ಎಂಟಿವಿ ವಾಹಿನಿ ಶುರುವಾದ ಮೇಲೆ ಹೊಸ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಕಿವಿಯಿಂದ ಬಂದ ಅಭಿಮಾನಿಗಳು ಇನ್ನು ಕಣ್ಣಿನಿಂದ ಬಂದರು. 1984ರಲ್ಲಿ ಮೈಕಲ್ ಜಾಕ್ಸನ್‌ನ ‘ಬೀಟ್ ಇಟ್’ ಹೋಗಿ ‘ಈಟ್ ಇಟ್’ ಆಯಿತು. ಬೀದಿಕಾಳಗಕ್ಕೆ ಇಳಿಯಬೇಡ ಅನ್ನುವ ಹಾಡು, ಊಟದ ತಟ್ಟೆಯೆದುರು ಮೂತಿ ತಿರುವುವ ಮಗುವನ್ನು ಗದರುವ ಹಾಡಾಯಿತು. ವಿಡಿಯೋದಲ್ಲಿ ಜಾಕ್ಸನ್ ಮಲಗಿದ್ದ ಭಂಗಿ, ಕೆಂಪು ಜಾಕೆಟ್ಟು, ಕುಣಿತ, ಹೊಡೆದಾಟಕ್ಕೆ ಸಜ್ಜಾದ ಎರಡು ಗುಂಪು, ಎಲ್ಲ ಚಾಚೂ ತಪ್ಪದೆ ಹಾಗೆಯೇ. ಕೈಯಲ್ಲಿ ಮಾತ್ರ ಚಾಕುವಿನ ಜೊತೆ ಫೋರ್ಕು. ಮೂಲದಲ್ಲಿ ಎಡ್ಡಿ ವ್ಯಾನ್ ಹೇಲನ್ ಗಿಟಾರ್ ನುಡಿಸಿದ ಜಾಗದಲ್ಲಿ ಇಲ್ಲಿ ರಿಕ್ ಡೆರಿಂಜರ್ ಅಷ್ಟೇ ಬಿರುಸಿನಿಂದ ನುಡಿಸಿ, ಕೊನೆಗೆ ಗಿಟಾರೇ ಢಂ ಎಂದು ಸಿಡಿಯುತ್ತದೆ. ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿತು, ಆಸ್ಟ್ರೇಲಿಯಾದಲ್ಲಿ ಮೊದಲನೇ ಸ್ಥಾನಕ್ಕೆ. ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಈ ಹಂತದಲ್ಲಿ ಸ್ವಾರಸ್ಯವಾದ ಒಂದು ತಿರುವುಮುರುವು ನಡೆಯಿತು. ಅಣಕಿಗೆ ನಗಬೇಕಾದರೆ ಮೂಲ ಗೊತ್ತಿರಬೇಕು, ಇದು ದೊಡ್ಡವರ ಲೆಕ್ಕ. ಆಲ್‌ನ ಅಭಿಮಾನಿಗಳಲ್ಲಿ ಎಷ್ಟೋ ಜನ ಅವನನ್ನು ಮೊದಲು ಕೇಳಿದ್ದು ಒಂಬತ್ತೋ ಹತ್ತೋ ಹನ್ನೆರಡೋ ವಯಸ್ಸಿನಲ್ಲಿ. ಅಣ್ಣನ ಕ್ಯಾಸೆಟ್ಟು, ಶಾಲೆಯ ಬಸ್ಸು, ಚಿಕ್ಕಪ್ಪನ ಕಾರು. ಅವರಿಗೆ ಮೂಲ ಯಾರದೆಂದು ತಿಳಿಯದು. ಹಾಡೇ ನಗುವಂತಿತ್ತು, ನಕ್ಕರು. ಎಷ್ಟೋ ವರ್ಷದ ಮೇಲೆ ಅಂಗಡಿಯಲ್ಲೋ ಮದುವೆಮನೆಯಲ್ಲೋ ಮೂಲ ಹಾಡು ಕಿವಿಗೆ ಬಿದ್ದಾಗ, ‘ಅರೆ, ಇವನ್ಯಾರೋ ನಮ್ಮ ಆಲ್‌ನ ಹಾಡನ್ನು ಸಪ್ಪೆ ಮಾಡಿ ಹಾಡ್ತಿದ್ದಾನಲ್ಲ’ ಎಂದುಕೊಂಡರು. ಒಂದು ಪೀಳಿಗೆ ಅಮೆರಿಕದ ಜನಪ್ರಿಯ ಸಂಗೀತವನ್ನು ಹಿಂಬಾಗಿಲಿನಿಂದ ಹೊಕ್ಕು ಕಲಿಯಿತು.

ನಾವು ಇದಕ್ಕೆ ಹೊರತಲ್ಲ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಅಲ್ಲಿನ ರಂಗಮಂದಿರಗಳ ಹಾಡುಗಳನ್ನು ಗಂಟಲಲ್ಲಿ ತುಂಬಿಕೊಂಡೂ ಬಂದವರು. ಅವರ ‘ಕೋಳೀಕೆ ರಂಗ’ ಕುಳಿತಿರುವುದು ‘ಕಾನ್‌ಸ್ಟಾಂಟಿನೋಪಲ್’ ಎಂಬ ಇಂಗ್ಲಿಷ್ ತಮಾಷೆ ಹಾಡಿನ ಮೇಲೆ. ಇವತ್ತು ಆ ಇಂಗ್ಲಿಷ್ ಹಾಡು ಯಾರಿಗೆ ಬೇಕು? ರಂಗ ಮಾತ್ರ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಇನ್ನೂ ತೋಳು ತಟ್ಟಿ ನಿಲ್ಲುತ್ತಾನೆ. ಅಣಕು ಗಟ್ಟಿಯಾಗಿದ್ದರೆ ಮೂಲ ಬಿದ್ದುಹೋದರೂ ಅದು ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಅಭಿಮಾನ ಉಳಿಯುವ ಮಾತು. ಆಲ್ ಮೂಲದವರ ಅಪ್ಪಣೆ ಕೇಳದೆ ಹಾಡು ಹೊರಗೆ ಬಿಡುವುದಿಲ್ಲ. ಅಮೆರಿಕದ ಕಾನೂನು ಅಣಕಿಗೆ ಸಾಕಷ್ಟು ಸಡಿಲ ಕೊಡುತ್ತದೆ, 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇಂಥ ಒಂದು ಪ್ರಕರಣದಲ್ಲಿ ಅಣಕಿನ ಪರವಾಗಿ ಮಾತಾಡಿದೆ. ಆದರೂ ಇವನು ಕೇಳುತ್ತಾನೆ. ಜಾಕ್ಸನ್ ನಗುತ್ತ ಒಪ್ಪಿದ, ಎರಡು ಸಲ. ಪ್ರಿನ್ಸ್ ಕೇಳಿದಾಗಲೆಲ್ಲ ಒಲ್ಲೆನೆಂದ. ಪಾಲ್ ಮೆಕಾರ್ಟ್ನಿಯ ಹಾಡೊಂದನ್ನು ಕೋಳಿಮಾಂಸದ ಕಡುಬಿನ ಹಾಡಾಗಿಸುತ್ತೇನೆ ಅಂದಾಗ, ‘ನಾನು ಸಸ್ಯಾಹಾರಿ, ಬೇಡಪ್ಪ’ ಎಂದನಂತೆ ಆತ. 1992ರಲ್ಲಿ ನಿರ್ವಾಣ ತಂಡದ ಕರ್ಟ್ ಕೋಬೇನ್‌ಗೆ ಫೋನು ಮಾಡಿದಾಗ, ಇದೂ ತಿಂಡಿಯ ಹಾಡೇ ಎಂದು ಕೋಬೇನ್ ಕೇಳಿದ. ಅಲ್ಲ, ನಿಮ್ಮ ಹಾಡಿನ ಒಂದು ಮಾತೂ ಯಾರಿಗೂ ಅರ್ಥವಾಗುವುದಿಲ್ಲ ಎಂಬುದರ ಮೇಲೆ ಅಂದ ಇವನು. ಕೋಬೇನ್ ಒಪ್ಪಿಬಿಟ್ಟ. ಎಡವಟ್ಟಾದದ್ದು 1996ರಲ್ಲಿ. ರ‍್ಯಾಪ್ ಗಾಯಕ ಕೂಲಿಯೊನ ಹಾಡಿಗೆ ಅವನ ಕಂಪನಿಯ ಕಡೆಯಿಂದ ಒಪ್ಪಿಗೆ ಬಂದಿತ್ತು, ಅವನು ಮಾತ್ರ ತಾನು ಒಪ್ಪಿಲ್ಲವೆಂದು ಸಿಡುಕಿದ. ಮುಂದೆ ಸಿಟ್ಟು ಇಳಿದು ಇಬ್ಬರೂ ರಾಜಿಯಾದರು. ಅಣಕವಾಡುವವನಿಗೂ ಒಂದು ಮರ್ಯಾದೆ ಇರುತ್ತದೆ ಎಂಬುದನ್ನು ಅಭಿಮಾನಿಗಳು ಗಮನಿಸುತ್ತಾರೆ. ಹಾಡಿನಲ್ಲಿ ಹೊಲಸು ಮಾತಿಲ್ಲ, ಹಾಗಾಗಿ ಅಪ್ಪ ಮಗಳು ಅಕ್ಕಪಕ್ಕ ಕೂತು ಕೇಳಬಹುದು. ಹಳೆಯ ಅಭಿಮಾನಿಗಳು ಹೊಸಬರನ್ನು ಮನೆಯಲ್ಲೇ ತಯಾರು ಮಾಡಿದ್ದು ಹೀಗೆ.

ಆದರೆ ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ಮೇಲಿನದು ಅವನ ಸಂಗೀತದ ಕಸುಬುದಾರಿಕೆ. ಅವನ ಹಾಡುಗಳಲ್ಲಿ ಅರ್ಧದಷ್ಟು ಅಣಕವೇ ಅಲ್ಲ. ಯಾವ ಒಂದು ಹಾಡನ್ನೂ ಎತ್ತಿಕೊಳ್ಳದೆ, ಒಬ್ಬ ಸಂಗೀತಗಾರನ ಇಡೀ ಶೈಲಿಯನ್ನು ಹಿಡಿದು ಹೊಸದಾಗಿ ಕಟ್ಟಿದವು. 1985ರಲ್ಲಿ ಡೀವೊ ತಂಡದ ಶೈಲಿಯಲ್ಲಿ ಒಂದು ಹಾಡು ಮಾಡಿದ. ಅದನ್ನು ಕೇಳಿದ ಡೀವೊದ ಮಾರ್ಕ್ ಮದರ್ಸ್‌ಬಾ ಬೆರಗಾಗಿ, ಅದಕ್ಕಾಗಿ ಅವನ ಮೇಲೆ ಹೊಟ್ಟೆಕಿಚ್ಚನ್ನೂ ಪಟ್ಟ. 2003ರಲ್ಲಿ ಬಾಬ್ ಡಿಲನ್ ಧಾಟಿಯಲ್ಲಿ ‘ಬಾಬ್’ ಎಂಬ ಹಾಡು ಬರೆದ. ಡಿಲನ್‌ನ ಹಾಡಿನಂತೆಯೇ ಗೂಢವಾಗಿ, ಅರ್ಥಗರ್ಭಿತವಾಗಿ ಕೇಳಿಸುತ್ತದೆ. ಸಾಹಿತ್ಯವನ್ನು ಬರೆದುಕೊಂಡು ನೋಡಿದರೆ ಪ್ರತಿ ಸಾಲೂ ನಮ್ಮ ‘ವಿಕಟಕವಿ’ಯ ಹಾಗೆ ಹಿಂದಿನಿಂದ ಓದಿದರೂ ಅದೇ! 1999ರಲ್ಲಿ ‘ಆಲ್ಬುಕರ್ಕಿ’ ಎಂಬ, ಹನ್ನೊಂದು ನಿಮಿಷಕ್ಕೂ ಹೆಚ್ಚು ಎಳೆಯುವ ಹಾಡನ್ನು ಕೇಳುಗರಿಗೆ ತಲೆನೋವು ತರಲೆಂದೇ ಆಲ್ಬಮ್ಮಿನ ಕೊನೆಗೆ ಸೇರಿಸಿದ. ಅಭಿಮಾನಿಗಳು ಅದನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡು ಕಛೇರಿಗೆ ಬಂದರು. 2018ರಲ್ಲಂತೂ ವೇಷವಿಲ್ಲ, ವಿಡಿಯೋ ಇಲ್ಲ, ಹೆಸರಾದ ಅಣಕುಹಾಡುಗಳಿಲ್ಲ, ತನ್ನ ಸ್ವಂತ ಹಾಡುಗಳನ್ನಷ್ಟೇ ಹಾಡುತ್ತೇನೆ ಎಂದು ಮೊದಲೇ ಸಾರಿ ಪ್ರವಾಸ ಹೊರಟ. ಆದರೂ ಜನ ಬಂದರು. ತಮಾಷೆಗೆಂದು ಬಂದವರು ಹಾಡಿಗಾಗಿ ನಿಂತಿದ್ದರು ಎಂದು ಗೊತ್ತಾದದ್ದು ಆಗ.

2004ರ ಏಪ್ರಿಲ್‌ನಲ್ಲಿ ಅವನು ಪ್ರವಾಸದಲ್ಲಿದ್ದಾಗ, ಮನೆಯ ಅಗ್ಗಿಷ್ಟಿಕೆಯಿಂದ ತುಂಬಿಕೊಂಡ ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಆ ರಾತ್ರಿಯ ಕಛೇರಿಯನ್ನು ಅವನು ನಿಲ್ಲಿಸಲಿಲ್ಲ. ಕಷ್ಟದ ಕಾಲದಲ್ಲಿ ನನ್ನ ಹಾಡು ಎಷ್ಟೋ ಜನರ ಕೈ ಹಿಡಿದಿದೆಯಂತೆ, ನನ್ನದೂ ಹಿಡಿಯಬಹುದೇನೋ ಅಂದುಕೊಂಡೆ ಎಂಬರ್ಥದ ಮಾತನ್ನು ಮುಂದೆ ಹೇಳಿದ. ಅಲ್ಲಿಯವರೆಗೆ ಅಭಿಮಾನಿಗಳು ಅವನಿಗೆ ಬರೆಯುತ್ತಿದ್ದ ಮಾತು ಅದು.

ಮಧ್ಯೆ ಒಂದು ಸಿನಿಮಾ ಮಾಡಿ ಕೈಸುಟ್ಟುಕೊಂಡದ್ದೂ ಉಂಟು. 1989ರ ‘ಯುಎಚ್ಎಫ್’ ಬ್ಯಾಟ್‌ಮನ್, ಇಂಡಿಯಾನಾ ಜೋನ್ಸ್ ಬಂದ ಬೇಸಿಗೆಯಲ್ಲೇ ಬಂದು ಚಿತ್ರಮಂದಿರದಿಂದ ಬೇಗ ಹೊರಬಿತ್ತು. ಆಮೇಲೆ ವಿಡಿಯೋ ಕ್ಯಾಸೆಟ್ಟಿನಲ್ಲಿ, ಕೇಬಲ್ಲಿನಲ್ಲಿ ನೋಡಿದವರು ಅದರ ಭಕ್ತರಾದರು.

ಇಂಟರ್ನೆಟ್ ಬಂದ ಹೊಸತರಲ್ಲಿ ಇವನಿಗೆ ಒದಗಿದ್ದು ವಿಚಿತ್ರ ಪೀಕಲಾಟ. ಜನ ಹಾಡುಗಳನ್ನು ಒಬ್ಬರಿಗೊಬ್ಬರು ಪುಕ್ಕಟೆ ಹಂಚಿಕೊಳ್ಳುವಾಗ, ಹಾಸ್ಯದ ಹಾಡು ಯಾರದೇ ಇರಲಿ ಅದರ ಮೇಲೆ ಆಲ್‌ನ ಹೆಸರು. ಸರ್ವಜ್ಞ ಬರೆಯದ ಎಷ್ಟೋ ವಚನಗಳು ಸರ್ವಜ್ಞನ ಖಾತೆಗೆ ಸೇರಿದ್ದು ನಮಗೆ ಗೊತ್ತಿದೆಯಷ್ಟೆ. ಇವನ ಖಾತೆಗೆ ಬಂದವುಗಳಲ್ಲಿ ಕೆಲವು ಶುದ್ಧ ಹೊಲಸು. ಮಕ್ಕಳ ಜೊತೆ ಕೂತು ಕೇಳುವ ಹಾಡುಗಾರನೆಂಬ ಹೆಸರಿಗೆ ಅದರಿಂದ ಪೆಟ್ಟು ಬಿತ್ತೆಂದು ಅವನು ನೊಂದುಕೊಂಡ. ಅದೇ ಇಂಟರ್ನೆಟ್ಟು ಅವನನ್ನು ಎತ್ತಿಯೂ ನಿಲ್ಲಿಸಿತು. 2006ರ ‘ವೈಟ್ ಅಂಡ್ ನರ್ಡಿ’, ಕಂಪ್ಯೂಟರ್ ಹುಚ್ಚಿನ ಪುಸ್ತಕದ ಹುಳುವೊಬ್ಬನ ರ‍್ಯಾಪ್ ಹಾಡು, ಯೂಟ್ಯೂಬ್ ಹುಟ್ಟಿ ವರ್ಷವಷ್ಟೇ ಆಗಿದ್ದಾಗ ಬಂತು. ಅಮೆರಿಕದ ಪಟ್ಟಿಯ ಮೊದಲ ಹತ್ತರೊಳಗೆ ಅವನು ಕಾಲಿಟ್ಟದ್ದು ಆಗಲೇ, 9ನೇ ಸ್ಥಾನಕ್ಕೆ. 2014ರ ಜುಲೈಯಲ್ಲಿ ‘ಮ್ಯಾಂಡೇಟರಿ ಫನ್’ ಆಲ್ಬಮ್ಮಿಗೆ ಎಂಟು ದಿನದಲ್ಲಿ ಎಂಟು ವಿಡಿಯೋ ಬಿಟ್ಟ. ಮೊದಲ ವಾರವೇ 1,04,000 ಪ್ರತಿ ಹೋಗಿ ಅದು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ನಗೆಹಾಡಿನ ಆಲ್ಬಮ್ಮೊಂದು ಆ ಸ್ಥಾನ ಕಂಡು 51 ವರ್ಷವಾಗಿತ್ತು. 1963ರಲ್ಲಿ ಕಂಡವನು ಆ ಬೇಸಿಗೆ ಶಿಬಿರದ ಕಾಗದ ಹಾಡಿದ ಆಲನ್ ಶರ್ಮನ್.

ರೇಡಿಯೋದ ಆ ಹುಡುಗ ಹೇಗೆ ಡಿಮೆಂಟೊವಿನ ಅಭಿಮಾನಿಯಾಗಿ ಹಾಡುಗಾರನಾದನೋ, ಹಾಗೆ ಇವನ ಅಭಿಮಾನಿಗಳಲ್ಲೂ ಕೆಲವರು ಕಲಾವಿದರಾದರು. ‘ಹ್ಯಾಮಿಲ್ಟನ್’ ಎಂಬ ಜಗದ್ವಿಖ್ಯಾತ ಸಂಗೀತ ನಾಟಕ ಬರೆದ ಲಿನ್ ಮ್ಯಾನುಯೆಲ್ ಮಿರಾಂಡ ಬಾಲ್ಯದಿಂದ ಇವನ ಅಭಿಮಾನಿ. 2018ರಲ್ಲಿ ಆ ನಾಟಕದ ಹಲವು ಹಾಡುಗಳನ್ನು ಆಲ್ ಅಕಾರ್ಡಿಯನ್‌ಗೆ ಇಳಿಸಿ ಪೋಲ್ಕಾ ಮಾಡಿದಾಗ ಮಿರಾಂಡನಿಗಾದ ಸಂಭ್ರಮ ಅಷ್ಟಿಷ್ಟಲ್ಲ. 2022ರಲ್ಲಿ ಆಲ್‌ನ ಜೀವನಚರಿತ್ರೆಯ ಚಿತ್ರವೊಂದು ಬಂತು. ಬಂದದ್ದೇನೋ ಬಂತು, ಅದರಲ್ಲಿ ಬಹುಪಾಲು ಶುದ್ಧ ಸುಳ್ಳು. ಸಂಗೀತಗಾರರ ಜೀವನಚಿತ್ರಗಳನ್ನೇ ಅಣಕಿಸಲೆಂದು ಅವನೇ ಸೇರಿ ಬರೆದದ್ದು ಅದು. ಆಲ್ ಆಗಿ ನಟಿಸಿದವನು ಹ್ಯಾರಿ ಪಾಟರ್ ಖ್ಯಾತಿಯ ಡೇನಿಯಲ್ ರ‍್ಯಾಡ್‌ಕ್ಲಿಫ್. ಅವನನ್ನೇ ಏಕೆ ಆರಿಸಿದರು? ರ‍್ಯಾಡ್‌ಕ್ಲಿಫ್ ಒಮ್ಮೆ ಬ್ರಿಟನ್ನಿನ ಟಿವಿಯಲ್ಲಿ ಟಾಮ್ ಲೆಹ್ರರನ ಮೂಲಧಾತುಗಳ ಹಾಡನ್ನು, ರಸಾಯನಶಾಸ್ತ್ರದ ಆ ಉದ್ದನೆಯ ಪಟ್ಟಿಯನ್ನು, ಉಸಿರು ಬಿಡದೆ ಹಾಡಿ ತೋರಿಸಿದ್ದ. ಸುಮ್ಮನೆ ಖುಷಿಗೆ. ಅದನ್ನು ನೋಡಿದ ಆಲ್‌ಗೆ ಇವನು ನಮ್ಮವನು ಅನ್ನಿಸಿತು. ಡಿಮೆಂಟೊ ರೇಡಿಯೋದಲ್ಲಿ ಹಾಕುತ್ತಿದ್ದನಲ್ಲ, ಅದೇ ಲೆಹ್ರರ್.

ಡಾಕ್ಟರ್ ಡಿಮೆಂಟೊ 2010ರಲ್ಲಿ ರೇಡಿಯೋ ಕೇಂದ್ರಗಳನ್ನು ಬಿಟ್ಟು ಇಂಟರ್ನೆಟ್ಟಿಗೆ ಹೋದ. ಐವತ್ತೈದು ವರ್ಷ ನಡೆಸಿದ ಕಾರ್ಯಕ್ರಮಕ್ಕೆ 2025ರಲ್ಲಿ ಮಂಗಳ ಹಾಡಿದ. ಆಗ ಅವನಿಗೆ ಎಂಬತ್ತನಾಲ್ಕು.

ಕೇಳುಗರಲ್ಲಿ ಒಂದೇ ಕೋರಿಕೆ. ಆಲ್ ಯಾಂಕೋವಿಕ್‌ನನ್ನು ಇದುವರೆಗೆ ಕೇಳದವರು ಇವತ್ತೇ ಶುರುಮಾಡಿ. 1980ರ ಆ ಬಸ್ಸಿನ ಹಾಡನ್ನು ಮೊದಲು ಹಾಕಿ, ಆಮೇಲೆ ‘ಈಟ್ ಇಟ್’ ವಿಡಿಯೋ ನೋಡಿ, ‘ಬಾಬ್’ ಕೊನೆಗಿರಲಿ. ಮನೆಯಲ್ಲಿ ಹತ್ತು ಹನ್ನೆರಡರ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೂಲ ಹಾಡು ಯಾವುದೆಂದು ಮೊದಲೇ ಹೇಳಿಬಿಡಬೇಡಿ, ಅದನ್ನು ಅವರೇ ಹುಡುಕಿಕೊಳ್ಳಲಿ.